ಅಪ್ಪ-ಮಕ್ಕಳು ಬೇರೆಯಾಗುವ ಆ ಐದು ನಿಮಿಷ: ನಾಲ್ಕು ಗೇಮ್ ಮತ್ತೆ ಆಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಾಲ್ಕೂ ಗೇಮ್‌ಗಳ ಕೊನೆ ಇಲ್ಲಿ ಬರುತ್ತದೆ. ಆಡಿಲ್ಲದವರು ಆಡಿ ಬಂದು ಓದಿ. ಕಥೆ ಗೊತ್ತಿಲ್ಲದೆ ಆ ಜಾಗಕ್ಕೆ ಬಂದು ನಿಲ್ಲುವುದು ಒಂದೇ ಸಲ ಸಿಗುವ ಅನುಭವ. ಅದು ನನ್ನಿಂದಾಗಿ ಹಾಳಾಗುವುದು ಬೇಡ.

ಈ ಮಳೆಗಾಲದಲ್ಲಿ ನಾಲ್ಕನ್ನೂ ಒಂದರ ಹಿಂದೆ ಒಂದು ಮತ್ತೆ ಆಡಿದೆ. ಗಾಡ್ ಆಫ್ ವಾರ್, ದಿ ಲಾಸ್ಟ್ ಆಫ್ ಅಸ್, ರೆಡ್ ಡೆಡ್ ರಿಡೆಂಪ್ಷನ್, ದಿ ವಾಕಿಂಗ್ ಡೆಡ್. ನಾಲ್ಕರಲ್ಲೂ ಒಬ್ಬ ಅಪ್ಪ ಇದ್ದಾನೆ, ಹೆತ್ತವನೋ ಸಾಕಿದವನೋ. ನಾಲ್ಕರಲ್ಲೂ ಮಗುವಿನಿಂದ ಅವನು ದೂರವಾಗುವ ಒಂದು ಹೊತ್ತು ಬರುತ್ತದೆ. ನಾಲ್ಕರಲ್ಲೂ ನನಗೆ ಗಂಟಲು ಕಟ್ಟಿದೆ. ಆದರೆ ವರ್ಷಗಳಾದ ಮೇಲೂ ಬಿಡದೆ ಕಾಡುವುದು ಒಂದೇ. ಅದು ಯಾಕೆ ಅಂತ ತಿಳಿಯಬೇಕಿತ್ತು. ಅದಕ್ಕೇ ಈ ಸಲ ಎರಡು ವಿಷಯದ ಮೇಲೆ ಕಣ್ಣಿಟ್ಟು ಆಡಿದೆ: ಆ ಕೊನೆಯ ಹೊತ್ತಿನಲ್ಲಿ ನನ್ನ ಕೈಗೆ ಏನು ಕೆಲಸ ಇತ್ತು, ಬಾಯಲ್ಲಿ ಎಂಥ ಮಾತು ಇತ್ತು.

ಗಾಡ್ ಆಫ್ ವಾರ್‌ನಿಂದ ಶುರು ಮಾಡೋಣ. ಅದರ ನಾಯಕ ಕ್ರೇಟೋಸ್‌ನನ್ನು ಮೊದಲಿನಿಂದ ಬಲ್ಲವರಿಗೆ ಒಂದು ಹಳೇ ಗಾಯ ನೆನಪಿರುತ್ತದೆ. 2008ರಲ್ಲಿ ಪಿಎಸ್‌ಪಿಗೆ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಬಂದ, ಇದೇ ಸರಣಿಯ ಚೈನ್ಸ್ ಆಫ್ ಒಲಿಂಪಸ್‌ನಲ್ಲಿ ಸತ್ತುಹೋದ ಮಗಳು ಕಲಾಯಪಿ ಅವನಿಗೆ ಪರಲೋಕದಲ್ಲಿ ಮತ್ತೆ ಸಿಗುತ್ತಾಳೆ. ಅಲ್ಲೇ ಉಳಿದರೆ ಎಲ್ಲವೂ ನಾಶವಾಗುತ್ತದೆ, ಮಗಳೂ ಉಳಿಯುವುದಿಲ್ಲ. ಹಾಗಾಗಿ ಹೊರಡಲೇಬೇಕು. ಅವಳು ಬಿಗಿಯಾಗಿ ಅಪ್ಪಿಕೊಂಡಿರುತ್ತಾಳೆ. ಆಗ ಪರದೆಯ ಮೇಲೆ ಸರ್ಕಲ್ ಬಟನ್ ಕಾಣುತ್ತದೆ. ಅದನ್ನು ಒಂದೇ ಸಮನೆ ಒತ್ತಿ ಒತ್ತಿ ನಾವೇ ಅವಳನ್ನು ದೂರ ತಳ್ಳಬೇಕು. ಶತ್ರುಗಳನ್ನು ಹಿಡಿದು ಸೀಳಲು ಇಡೀ ಗೇಮ್ ಒತ್ತಿದ ಅದೇ ಬಟನ್. ನನ್ನ ಹೆಬ್ಬೆರಳು ಅಲ್ಲಿ ನಿಂತೇಬಿಟ್ಟಿತ್ತು. ಆದರೆ ಒತ್ತದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಅದೇ ಮನುಷ್ಯ 2018ರ ಗೇಮ್‌ನಲ್ಲಿ ಉತ್ತರದ ಹಿಮದ ನಾಡಿನಲ್ಲಿ, ಹೆಂಡತಿಯ ಚಿತೆಗೆ ಮರ ಕಡಿಯುತ್ತಾ ನಮಗೆ ಸಿಗುತ್ತಾನೆ. ಜೊತೆಗೆ ಮಗ ಏಟ್ರಿಯಸ್. ಶುರುವಿನಲ್ಲೇ ಒಂದು ಜಿಂಕೆ ಬೇಟೆ ಇದೆ. ಹುಡುಗ ಜಿಂಕೆಗೆ ಚಾಕು ಹಾಕಿ ನಡುಗುತ್ತಾ ಕೂತಿರುತ್ತಾನೆ. ಅಪ್ಪ ಅವನ ಬೆನ್ನಿನ ಹತ್ತಿರ ಕೈ ತರುತ್ತಾನೆ, ಮುಟ್ಟುವುದಿಲ್ಲ, ಹಾಗೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಎರಡೇ ಸೆಕೆಂಡು. ಎರಡು ಗೇಮ್‌ಗಳ ಕಥೆ ಅಂದರೆ ನಿಜವಾಗಿ ಆ ಕೈ ಮಗನ ಹೆಗಲಿಗೆ ತಲುಪಿದ ಕಥೆ. 2022ರ ರಾಗ್ನರಾಕ್‌ನ ಕೊನೆಯಲ್ಲಿ, ಯುದ್ಧ ಮುಗಿದ ಮೇಲೆ, ಉಳಿದ ದೈತ್ಯರನ್ನು ಹುಡುಕಲು ಒಬ್ಬನೇ ಹೋಗಬೇಕು ಎಂದು ಮಗ ಹೇಳುತ್ತಾನೆ. ಅಪ್ಪ ತಡೆಯುವುದಿಲ್ಲ. ಲೋಕಿ ಹೋಗುತ್ತಾನೆ, ಏಟ್ರಿಯಸ್ ಉಳಿಯುತ್ತಾನೆ ಎನ್ನುವ ಅರ್ಥದ ಒಂದು ಮಾತು ಹೇಳುತ್ತಾನೆ, ಅಷ್ಟೇ. ಲೋಕಿ ಅಂದರೆ ತಾಯಿ ಇಟ್ಟ ಹೆಸರು, ಏಟ್ರಿಯಸ್ ಅಂದರೆ ಅಪ್ಪ ಇಟ್ಟ ಹೆಸರು.

ನಮ್ಮಲ್ಲಿ ಮನೆ ಬಿಟ್ಟು ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವೆ. ಬಾಯಿ ತಪ್ಪಿ ಹೋಗ್ತೀನಿ ಅಂದರೆ ಅಜ್ಜಿ ತಿದ್ದುತ್ತಿದ್ದರು. ಕ್ರೇಟೋಸ್‌ನ ಆ ಮಾತು ನನಗೆ ಅರ್ಥವಾಗಿದ್ದು ಹಾಗೆ. ಮಗ ಹೊರಟಿದ್ದಾನೆ, ಆದರೆ ಹೋಗಿಲ್ಲ.

ಈ ದೃಶ್ಯದಲ್ಲಿ ನಮ್ಮ ಕೈಗೆ ಕೆಲಸ ಇಲ್ಲ, ಸುಮ್ನೆ ನೋಡುವುದು. ಅದು ಕೊರತೆಯೇ ಅಂದುಕೊಂಡಿದ್ದೆ, ಆಮೇಲೆ ಮತ್ತೆ ಆಟಕ್ಕೆ ಇಳಿಯುವವರೆಗೆ. ಎರಡೂ ಗೇಮ್‌ಗಳಲ್ಲಿ ಸ್ಕ್ವೇರ್ ಒತ್ತಿದರೆ ಹುಡುಗ ಬಾಣ ಬಿಡುತ್ತಾನೆ. ಎಷ್ಟು ಸಾವಿರ ಸಲ ಒತ್ತಿದ್ದೇನೋ ಗೊತ್ತಿಲ್ಲ, ಬೆರಳಿಗೆ ಅದೇ ರೂಢಿ. ಕಥೆ ಮುಗಿದ ಮೇಲೆ ಉಳಿದ ಕೆಲಸಗಳಿಗೆ ಹೊರಟಾಗ ಮೊದಲ ಜಗಳದಲ್ಲೇ ಸ್ಕ್ವೇರ್ ಒತ್ತಿದೆ. ಮುಂದೆ ಬಂದವಳು ಈಗ ಜೊತೆಗಿರುವ ದೇವತೆ ಫ್ರೇಯಾ. ಆಗ ಕರುಳು ಚುರ್ ಅಂದಿತು. ಸುಮ್ನೆ ನೋಡಿದ ಆ ಕಟ್‌ಸೀನ್‌ಗಿಂತ ಜಾಸ್ತಿ ಅಲ್ಲಿ ಅತ್ತೆ. ನಾಲ್ಕರಲ್ಲಿ ಮನಸ್ಸಿಗೆ ತಂಪು ಕೊಡುವ ಅಗಲಿಕೆ ಇದೊಂದೇ, ಯಾಕಂದರೆ ಇಲ್ಲಿ ಮಾತ್ರ ಅಪ್ಪನೂ ಬದುಕಿದ್ದಾನೆ, ಮಗನೂ ಬದುಕಿದ್ದಾನೆ.

ದಿ ಲಾಸ್ಟ್ ಆಫ್ ಅಸ್ ಇದಕ್ಕೆ ಪೂರ್ತಿ ಉಲ್ಟಾ. 2013ರ ಮೊದಲ ಭಾಗ ನಮ್ಮನ್ನು ಶುರುವಿನಲ್ಲೇ ಮಗಳ ಜಾಗದಲ್ಲಿ ಇಡುತ್ತದೆ. ಟೆಕ್ಸಸ್‌ನ ಒಂದು ಮನೆ, ಮಹಾಮಾರಿ ಹಬ್ಬಲು ಶುರುವಾದ ರಾತ್ರಿ, ಸಾರಾ ನಿದ್ದೆಗಣ್ಣಿನಲ್ಲಿ ಅಪ್ಪನನ್ನು ಹುಡುಕುತ್ತಾ ಒಂದೊಂದೇ ಕೋಣೆ ಸುತ್ತುತ್ತಾಳೆ. ನಡೆಸುವವರು ನಾವು. ಸ್ವಲ್ಪ ಹೊತ್ತಿಗೆ ನಾವು ಜೋಯಲ್ ಆಗಿ ಅದೇ ಹುಡುಗಿಯನ್ನು ಎತ್ತಿಕೊಂಡು ಓಡುತ್ತಿರುತ್ತೇವೆ. ಒಬ್ಬ ಸೈನಿಕ ಗುಂಡು ಹಾರಿಸುತ್ತಾನೆ. ಅಲ್ಲಿ ಬೀಳ್ಕೊಡುಗೆ ಅನ್ನುವುದೇ ಇಲ್ಲ, ಮಾತಿಗೆ ಸಮಯವೇ ಇಲ್ಲ. ಹುಟ್ಟುಹಬ್ಬಕ್ಕೆ ಅವಳು ಕೊಟ್ಟ ವಾಚ್ ಮಾತ್ರ ಇಪ್ಪತ್ತು ವರ್ಷ ಆದ ಮೇಲೂ ಅವನ ಕೈಯಲ್ಲಿರುತ್ತದೆ, ಒಡೆದು ನಿಂತುಹೋದ ವಾಚ್.

2020ರ ಎರಡನೇ ಭಾಗದಲ್ಲಿ ಸಾಯುವವನು ಜೋಯಲ್, ಉಳಿಯುವವಳು ಅವನು ಮಗಳಂತೆ ನೋಡಿಕೊಂಡ ಎಲೀ ಎನ್ನುವ ಹುಡುಗಿ. ಅವನ ಸಾವು ಶುರುವಿನಲ್ಲೇ ಬರುತ್ತದೆ. ಅವರಿಬ್ಬರ ಕೊನೆಯ ಮಾತುಕತೆಯನ್ನು ಗೇಮ್ ನಮಗೆ ತೋರಿಸುವುದು ಮಾತ್ರ ತೀರಾ ಕೊನೆಯಲ್ಲಿ, ಇಪ್ಪತ್ತು ಇಪ್ಪತ್ತೈದು ಗಂಟೆ ಕೊಂದು ಕೊಂದು ಸುಸ್ತಾದ ಮೇಲೆ. ಜಗುಲಿಯಲ್ಲಿ ಜೋಯಲ್ ಕಾಫಿ ಮಗ್ ಹಿಡಿದು ನಿಂತಿದ್ದಾನೆ. ಎಲೀ ಬರುತ್ತಾಳೆ, ಮಗ್‌ನಲ್ಲಿ ಏನು ಅಂತ ಕೇಳುತ್ತಾಳೆ. ಕಾಫಿಯಿಂದ ಶುರುವಾದ ಮಾತು ನಿಜವಾದ ವಿಷಯಕ್ಕೆ, ಅವಳನ್ನು ಉಳಿಸಲು ಅವನು ಹಿಂದೆ ಮಾಡಿ ಮುಚ್ಚಿಟ್ಟಿದ್ದಕ್ಕೆ, ಹೋಗುತ್ತದೆ. ನಿನ್ನನ್ನು ಕ್ಷಮಿಸಲು ಆಗುತ್ತದೋ ಇಲ್ಲವೋ, ಆದರೆ ಪ್ರಯತ್ನ ಮಾಡಬೇಕು ಅಂತ ಆಸೆ ಇದೆ ಎಂದು ಅವಳು ಹೇಳುತ್ತಾಳೆ. ಅವನಿಗೆ ಅಷ್ಟೇ ಸಾಕು. ಅದು ಕೊನೆಯ ಮಾತು ಅಂತ ಇಬ್ಬರಿಗೂ ಗೊತ್ತಿಲ್ಲ, ನಮಗೆ ಗೊತ್ತು. ಈ ನೆನಪು ಬರುವ ಸ್ವಲ್ಪ ಮೊದಲು ಎಲೀ ಅವನು ಕೊಟ್ಟ ಗಿಟಾರ್ ಹಿಡಿದು ಕೂರುತ್ತಾಳೆ. ಅಲ್ಲಿ ಕಂಟ್ರೋಲರ್ ನಮ್ಮ ಕೈಯಲ್ಲೇ ಇರುತ್ತದೆ. ಅವಳ ಎಡಗೈಯ ಎರಡು ಬೆರಳು ಹೋಗಿವೆ. ನಾವು ತಂತಿ ಮೀಟಿದರೂ ಸ್ವರ ಸರಿಯಾಗಿ ಕೂರುವುದಿಲ್ಲ. ಅವನು ಕಲಿಸಿದ್ದನ್ನು ನುಡಿಸಲೂ ಆಗುತ್ತಿಲ್ಲ.

ಇದು ತುಂಬಾ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಪ್ಪನ ಜೊತೆ ಮಾತು ಬಿಟ್ಟು, ನಾಳೆ ಸರಿಮಾಡಿಕೊಂಡರಾಯಿತು ಅಂದುಕೊಂಡಿರುವ ಯಾರಾದರೂ ಇದನ್ನು ಆಡಿದರೆ ಆ ರಾತ್ರಿಯೇ ಊರಿಗೆ ಫೋನ್ ಮಾಡುತ್ತಾರೆ. ನಾನು ಮಾಡಿದೆ. ಆದರೂ ಇದನ್ನು ನಾನು ಮೇಲೆ ಇಡುವುದಿಲ್ಲ. ಎಲೀಗೆ ಅಪ್ಪನನ್ನು ಕಳಿಸಿಕೊಡಲು ಅವಕಾಶವೇ ಸಿಗುವುದಿಲ್ಲ, ಸಂಕಟ ಇರುವುದೂ ಅಲ್ಲೇ. ಇದು ಶೋಕದ ಕಥೆ, ಬೀಳ್ಕೊಡುಗೆಯ ಕಥೆ ಅಲ್ಲ.

ರೆಡ್ ಡೆಡ್ ರಿಡೆಂಪ್ಷನ್ ಬಗ್ಗೆ ನನ್ನ ಅಭಿಪ್ರಾಯ ಈ ಸಲ ಬದಲಾಯಿತು. 2010ರ ಗೇಮ್. ಸರ್ಕಾರದ ಒತ್ತಾಯಕ್ಕೆ ಹಳೇ ಗ್ಯಾಂಗಿನವರನ್ನೆಲ್ಲ ಬೆನ್ನಟ್ಟಿದ ಮೇಲೆ ಜಾನ್ ಮಾರ್ಸ್ಟನ್ ತನ್ನ ಜಮೀನಿಗೆ ವಾಪಸ್ ಬರುತ್ತಾನೆ. ದೊಡ್ಡ ಗುಂಡಿನ ಕಾಳಗ ಎಲ್ಲ ಮುಗಿದಿದೆ. ಈಗ ದನ ಅಟ್ಟುವುದು, ಕಾಳಿಗೆ ಬರುವ ಕಾಗೆ ಹೊಡೆಯುವುದು, ಪುಸ್ತಕದ ಹುಳು ಆಗಿರುವ ಮಗ ಜ್ಯಾಕ್‌ನನ್ನು ಬೇಟೆಗೆ ಕರೆದುಕೊಂಡು ಹೋಗುವುದು. ಮೊದಲ ಸಲ ಆಡಿದಾಗ ನನಗೆ ಇದೆಲ್ಲ ಬೋರ್ ಹೊಡೆದಿತ್ತು, ಬೇಗ ಬೇಗ ಮುಗಿಸಿದ್ದೆ. ಆಗ ನನಗೆ ಇಪ್ಪತ್ತು ವಯಸ್ಸು. ಈಗ ನಿಧಾನವಾಗಿ ಆಡಿದೆ. ಮಗ ಮುನಿಸಿಕೊಂಡಿದ್ದಾನೆ, ಇಷ್ಟು ವರ್ಷ ಎಲ್ಲಿದ್ದೆ ಅನ್ನುವ ಸಿಟ್ಟು ಅವನ ಮಾತಿನ ಒಳಗೆ ಇದೆ. ಅಪ್ಪನಿಗೆ ಮಾತು ಬರುವುದಿಲ್ಲ, ಕೆಲಸ ಬರುತ್ತದೆ. ಹಾಗಾಗಿ ಕೆಲಸದ ನೆಪದಲ್ಲಿ ಮಗನ ಜೊತೆ ಕುದುರೆ ಓಡಿಸುತ್ತಾನೆ. ಧೈರ್ಯ ತೋರಿಸಲು ಹೋಗಿ ಹುಡುಗ ಕರಡಿಯ ಬಾಯಿಗೆ ಸಿಕ್ಕಿಕೊಂಡಾಗ ಅಪ್ಪ ಓಡಿಬಂದು ಬಿಡಿಸುತ್ತಾನೆ.

ಆಮೇಲೆ ಸೈನ್ಯ ಬರುತ್ತದೆ. ಜಾನ್ ಹೆಂಡತಿಯನ್ನೂ ಮಗನನ್ನೂ ಕೊಟ್ಟಿಗೆಯಲ್ಲಿ ಕುದುರೆ ಹತ್ತಿಸಿ ಕಳಿಸುತ್ತಾನೆ, ತಾನು ಹಿಂದೆಯೇ ಬರುವವನ ಹಾಗೆ. ಕುದುರೆ ಹೋದ ಮೇಲೆ ಕೊಟ್ಟಿಗೆಯೊಳಗೆ ಒಬ್ಬನೇ. ಬಾಗಿಲಿನ ಸಂದಿಯಿಂದ ಹೊರಗೆ ನೋಡುತ್ತಾನೆ, ಸಾಲಾಗಿ ಬಂದೂಕುಗಳು. ಬಾಗಿಲು ತಳ್ಳಿ ಹೊರಗೆ ಬರುತ್ತಾನೆ. ಡೆಡ್ ಐ ತಾನೇ ಶುರುವಾಗುತ್ತದೆ, ಸಮಯ ನಿಧಾನವಾಗುತ್ತದೆ, ಇಡೀ ಗೇಮ್ ನಮ್ಮನ್ನು ಕಾಪಾಡಿದ ಶಕ್ತಿ. ಈ ಸಲ ಅದು ಸಾಲುವುದಿಲ್ಲ. ಎಷ್ಟು ಜನರಿಗೆ ಗುರಿ ಇಟ್ಟರೂ ಇನ್ನೂ ಜನ ಉಳಿಯುತ್ತಾರೆ. ಕೈಗೆ ಕೆಲಸ ಕೊಟ್ಟು, ಆ ಕೆಲಸದಿಂದ ಏನೂ ಆಗುವುದಿಲ್ಲ ಅಂತ ಕೈಗೇ ತಿಳಿಸಿಕೊಡುವ ದೃಶ್ಯ ಇದು. ಒಂದೇ ಕೊರತೆ: ಕಣ್ಣು ಇರುವುದು ಅಪ್ಪನ ಮೇಲೆ. ಮಗನಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಸರಿಯಾಗಿ ಸಿಗುವುದಿಲ್ಲ. ಮುಂದೆ 1914ರಲ್ಲಿ ನಾವು ಜ್ಯಾಕ್ ಆಗಿ ಓಡಾಡುವಾಗ ಆ ಖಾಲಿ ಅವನ ಧ್ವನಿಯಲ್ಲೇ ಕೇಳಿಸುತ್ತದೆ.

ನಡುವೆ 2018ರ ಸ್ಪೈಡರ್‌ಮ್ಯಾನ್ ಬಗ್ಗೆಯೂ ಒಂದು ಮಾತು. ಸಾಯುತ್ತಾ ಮಲಗಿರುವ ಮೇ ಅತ್ತೆ, ಮುಖವಾಡ ತೆಗಿ, ನನ್ನ ಹುಡುಗನನ್ನು ನೋಡಬೇಕು ಅನ್ನುತ್ತಾಳೆ. ಗುಟ್ಟು ಅವಳಿಗೆ ಮೊದಲೇ ಗೊತ್ತಿರುತ್ತದೆ. ಬಹಳ ಒಳ್ಳೆಯ ದೃಶ್ಯ, ಆದರೆ ನೋಡಿದ್ದಷ್ಟೇ, ಮಾಡಿದ್ದಲ್ಲ. ಹಾಗಾಗಿ ಈ ಸಾಲಿನಲ್ಲಿ ಸೇರಿಸಲಿಲ್ಲ.

ಇನ್ನು ದಿ ವಾಕಿಂಗ್ ಡೆಡ್. 2012ರಲ್ಲಿ ಐದು ಕಂತುಗಳಲ್ಲಿ ಬಂದ ಟೆಲ್‌ಟೇಲ್ ಕಂಪನಿಯ ಗೇಮ್, ಸತ್ತವರು ಎದ್ದು ಬಂದು ಕಚ್ಚುವ ಲೋಕದ ಕಥೆ. ಗ್ರಾಫಿಕ್ಸ್ ಕಾಮಿಕ್ಸ್ ಪುಸ್ತಕದ ಹಾಗೆ, ನಡಿಗೆ ಮರದ ಗೊಂಬೆಯ ಹಾಗೆ. ಹಿಂದಿನ ಮೂರರ ಪಕ್ಕ ಇಟ್ಟರೆ ಬಡವನ ಮನೆ. ಆದರೂ ನನ್ನ ಲೆಕ್ಕದಲ್ಲಿ ಗೆದ್ದಿದ್ದು ಇದೇ.

ಲೀ ಎವರೆಟ್ ಇತಿಹಾಸದ ಮೇಷ್ಟ್ರು, ಕೊಲೆ ಮಾಡಿ ಜೈಲಿಗೆ ಹೋಗುತ್ತಿದ್ದವನು. ದಾರಿಯಲ್ಲಿ ಪೊಲೀಸ್ ಕಾರು ಅಪಘಾತವಾಗಿ, ಮರದ ಮೇಲಿನ ಪುಟ್ಟ ಮನೆಯಲ್ಲಿ ಅಡಗಿದ್ದ ಎಂಟು ವರ್ಷದ ಕ್ಲೆಮೆಂಟೈನ್ ಅವನಿಗೆ ಸಿಗುತ್ತಾಳೆ. ಅವಳ ಅಪ್ಪ ಅಮ್ಮ ಸವಾನಾ ಊರಿಗೆ ಹೋದವರು ವಾಪಸ್ ಬಂದಿಲ್ಲ. ಅಲ್ಲಿಂದ ಅವನೇ ಅವಳಿಗೆ ಎಲ್ಲ. ಮೂರನೇ ಕಂತಿನಲ್ಲಿ ರೈಲಿನಲ್ಲಿ ಕೂರಿಸಿ ಅವಳ ಕೂದಲು ಕತ್ತರಿಸುತ್ತಾನೆ, ಯಾರೂ ಹಿಡಿದು ಎಳೆಯಬಾರದು ಅಂತ. ಬಂದೂಕು ಹಿಡಿಯುವುದನ್ನೂ ಹೇಳಿಕೊಡುತ್ತಾನೆ. ಆಗ ಅದು ಚಿಕ್ಕ ಕೆಲಸ ಅನ್ನಿಸುತ್ತದೆ.

ಕೊನೆಯ ಕಂತಿನಲ್ಲಿ ಲೀಗೆ ಅಂಥವರ ಕಡಿತ ಆಗಿದೆ, ಅಂದರೆ ಸತ್ತ ಮೇಲೆ ಅವನೂ ಹಾಗೇ ಎದ್ದು ಬರುತ್ತಾನೆ. ಕೈ ಕತ್ತರಿಸಿಕೊಳ್ಳುವ ಆಯ್ಕೆ ನಮಗೆ ಸಿಗುತ್ತದೆ, ಕತ್ತರಿಸಿದರೂ ಬಿಟ್ಟರೂ ಅವನು ಉಳಿಯುವುದಿಲ್ಲ. ಮುಚ್ಚಿದ ಅಂಗಡಿಯೊಳಗೆ ಗೋಡೆಗೆ ಒರಗಿ ಕೂತಿದ್ದಾನೆ, ಏಳಲು ಆಗುತ್ತಿಲ್ಲ. ಹುಡುಗಿ ಅಳುತ್ತಿದ್ದಾಳೆ. ಈಗ ಅವನ ಹತ್ತಿರ ಇರುವುದು ಬಾಯಿ ಒಂದೇ. ನಮ್ಮ ಹತ್ತಿರ ಇರುವುದೂ ಅಷ್ಟೇ. ಈ ಗೇಮ್‌ನಲ್ಲಿ ಉತ್ತರ ಆರಿಸುವಾಗ ಕೆಳಗೆ ಸಮಯದ ಪಟ್ಟಿ ಕರಗುತ್ತಾ ಹೋಗುತ್ತದೆ, ಸುಮ್ಮನಿದ್ದರೆ ಮೌನವೇ ಉತ್ತರ. ಕಾವಲುಗಾರನ ಹತ್ತಿರ ಬೀಗದ ಕೈ ತೆಗೆದುಕೋ. ಊರು ಬಿಟ್ಟು ಹೊರಗೆ ಹೋಗು. ನಮ್ಮವರನ್ನು ಹುಡುಕು. ಕೂದಲು ಗಿಡ್ಡ ಇಟ್ಕೋ. ಎಲ್ಲ ಹೀಗೇ, ಒಂದೊಂದು ಚಿಕ್ಕ ಸೂಚನೆ. ಪ್ರೀತಿ ಅನ್ನುವ ಪದ ಬೇಕಾಗುವುದೇ ಇಲ್ಲ.

ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಬೆಂಗಳೂರಿಗೆ ಹೊರಟ ದಿನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಮ್ಮಪ್ಪ ಕಿಟಕಿಯ ಕೆಳಗೆ ನಿಂತು ಹೇಳಿದ್ದು ಇಷ್ಟು: ಬ್ಯಾಗು ಕಾಲ ಹತ್ರಾನೇ ಇಟ್ಕೋ, ದುಡ್ಡೆಲ್ಲ ಒಂದೇ ಜೇಬಲ್ಲಿ ಇಡಬೇಡ, ತಲುಪಿದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು. ಅದನ್ನೇ ಮೂರು ಸಲ ಹೇಳಿದರು. ಲೀ ಆ ಗೋಡೆಗೆ ಒರಗಿ ಹೇಳುವ ಮಾತುಗಳನ್ನು ಓದುತ್ತಾ ನನಗೆ ಆ ಕಿಟಕಿ ಕಂಡಿತು. ಬೇರೆ ಮೂರು ಗೇಮ್‌ಗಳು ನನಗೆ ಅಪ್ಪ ಎಂದರೆ ಏನು ಅಂತ ತೋರಿಸಿದವು. ಇದು ಮಾತ್ರ ನನ್ನ ಬಾಯಿಂದಲೇ ಅಪ್ಪನ ಮಾತು ಆಡಿಸಿತು. ಯಾವ ಮಾತು ಮೊದಲು, ಯಾವುದು ಬಿಡುವುದು, ಎಲ್ಲ ನನ್ನ ತಲೆಯ ಮೇಲೆ.

ಕಡೆಯ ಆಯ್ಕೆ ಇನ್ನೂ ಕಷ್ಟ. ಅವನು ಸತ್ತು ಎದ್ದು ಬರದ ಹಾಗೆ ಗುಂಡು ಹೊಡಿ ಅಂತ ಮಗುವಿಗೆ ಹೇಳಬೇಕು, ಇಲ್ಲಾ ಹಾಗೇ ಬಿಟ್ಟು ಹೋಗು ಅನ್ನಬೇಕು. ಮೊದಲ ಸಲ ಬಿಟ್ಟು ಹೋಗು ಅಂದಿದ್ದೆ. ಇಷ್ಟು ಚಿಕ್ಕ ಕೈಗೆ ಆ ಭಾರ ಬೇಡ ಅನ್ನಿಸಿತ್ತು. ಈ ಸಲವೂ ಅದನ್ನೇ ಆರಿಸಿದೆ.

ಇದರ ಮುಂದಿನ ಭಾಗಗಳನ್ನು ಬಿಡಬೇಡಿ. ಕೊನೆಯ ಸೀಸನ್ 2018ರಲ್ಲಿ ಶುರುವಾಗಿ, ನಡುವೆ ಕಂಪನಿಯೇ ಮುಚ್ಚುವ ಹಂತಕ್ಕೆ ಬಂದು, ಬೇರೆಯವರು ಕೈಗೆತ್ತಿಕೊಂಡು 2019ರಲ್ಲಿ ಮುಗಿಸಿದರು. ಅದರಲ್ಲಿ ಕ್ಲೆಮೆಂಟೈನ್ ದೊಡ್ಡವಳು, ಎಜೆ ಎನ್ನುವ ಪುಟ್ಟ ಹುಡುಗನನ್ನು ಅವಳೇ ಸಾಕುತ್ತಿದ್ದಾಳೆ. ಅವಳಿಗೂ ಕಡಿತ ಆಗಿ, ಈಗ ಒಂದು ಕೊಟ್ಟಿಗೆಯಲ್ಲಿ ಅವಳು ನೆಲದ ಮೇಲೆ, ಹುಡುಗ ಎದುರಿಗೆ. ಲೀ ಹೇಳಿದ ಹಾಗೆಯೇ ಅವಳೂ ಹೇಳಬೇಕು. ಆರು ವರ್ಷದ ಹಿಂದೆ ನಾನು ಆರಿಸಿದ ಮಾತುಗಳು ಅವಳ ಬಾಯಿಗೆ ಬಂದ ಹಾಗೆ ಕೇಳಿಸಿತು. ಅಲ್ಲಿ ಏನಾಗುತ್ತದೆ ಅನ್ನುವುದೊಂದನ್ನು ನಾನು ಹೇಳುವುದಿಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಹಳೇ ಲ್ಯಾಪ್‌ಟಾಪ್ ಇದ್ದರೂ ವಾಕಿಂಗ್ ಡೆಡ್ ಓಡುತ್ತದೆ, ಒಂದು ಕಂತಿಗೆ ಎರಡು ಎರಡೂವರೆ ಗಂಟೆ, ಒಂದು ವಾರಾಂತ್ಯ ಸಾಕು. ಮನೆಯಲ್ಲಿ ಹದಿಹರೆಯದ ಮಗ ಇದ್ದು ಮಾತು ಕಡಿಮೆ ಆಗಿದ್ದರೆ, ಗಾಡ್ ಆಫ್ ವಾರ್‌ನ ಎರಡೂ ಭಾಗ ಮೊದಲು ನೀವೊಬ್ಬರೇ ಆಡಿ. ರಕ್ತಪಾತ ಜಾಸ್ತಿ, ಹದಿನೆಂಟು ಆಗುವವರೆಗೆ ಅವನಿಗೆ ಬೇಡ. ರೆಡ್ ಡೆಡ್ 2024ರಿಂದ ಪಿಸಿಯಲ್ಲೂ ಸಿಗುತ್ತಿದೆ, ಆ ಕಾಗೆ ಹೊಡೆಯುವ ಭಾಗವನ್ನು ದಯವಿಟ್ಟು ಓಡಿಸಬೇಡಿ. ಲಾಸ್ಟ್ ಆಫ್ ಅಸ್ ಎರಡನೇ ಭಾಗವನ್ನು ಮನಸ್ಸು ಗಟ್ಟಿ ಇರುವ ದಿನಗಳಲ್ಲಿ ಆಡಿ, ಮನೆಯವರು ಇತ್ತೀಚೆಗೆ ತೀರಿಕೊಂಡಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ವಾಕಿಂಗ್ ಡೆಡ್‌ನ ಕೊನೆಯ ಕಂತಿಗೆ ಮಾತ್ರ ಒಂದೇ ಕೋರಿಕೆ, ಫೋನ್ ಬೇರೆ ಕೋಣೆಯಲ್ಲಿಟ್ಟು ಕೂತ್ಕೊಳ್ಳಿ, ಆ ಪಟ್ಟಿ ಕರಗುವಷ್ಟರಲ್ಲಿ ಅವಳಿಗೆ ಏನಾದರೂ ಹೇಳಲೇಬೇಕು.