ಮಂಗಳವಾರದ ಡಾಕ್ಟರು: 69ನೇ ವಯಸ್ಸಿನಲ್ಲಿ ಕುಡಿತ ಬಿಡಲು ಹೋದ ನನ್ನ ಅನುಭವ

ಹಾಸನ ಜಿಲ್ಲೆಯ ಮಲೆನಾಡು ಕಡೆ ಒಂದು ಕಾಫಿ ತೋಟದಲ್ಲಿ 34 ವರ್ಷ ರೈಟರ್ ಆಗಿದ್ದೆ. ಬೆಳಗ್ಗೆ ಮಸ್ಟರ್ ಕರೆಯುವುದು, ಅಂದರೆ ಆಳುಗಳ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದು, ಕೂಲಿ ಲೆಕ್ಕದ ಚೆಕ್‌ರೋಲ್ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಕಳೆದ ವರ್ಷ ಬ್ಯಾಂಕಿನಲ್ಲಿ ನನ್ನ ಸಹಿಯೇ ಹೊಂದಲಿಲ್ಲ. ಮೂರು ಸಲ ಹಾಕಿಸಿದರು. ಕೈ ನಡುಗುತ್ತಿತ್ತು. ವಯಸ್ಸಾಯ್ತಲ್ಲ ಅಂತ ಮಗನಿಗೆ ಹೇಳಿದೆ. ಆ ದಿನ ಬೆಳಗ್ಗೆ ಕುಡಿದಿರಲಿಲ್ಲ, ಅದಕ್ಕೆ ನಡುಗುತ್ತಿತ್ತು.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮಾನಸಿಕ ಡಾಕ್ಟರ ಬಗ್ಗೆ ಬರೆಯುತ್ತಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ಇದರ ಹೆಸರು ಮನೋಚೈತನ್ಯ. ಊರಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. 'ಮಂಗಳವಾರದ ಡಾಕ್ಟರು' ಅಂದರೆ ಗೊತ್ತಾಗುತ್ತದೆ.

ತೋಟದಲ್ಲಿದ್ದಾಗ ಮಳೆಗಾಲದ ರಾತ್ರಿ ಒಂದು ನೈಂಟಿ ಹಾಕುತ್ತಿದ್ದೆ, ಅಷ್ಟೇ. ರಿಟೈರ್ ಆಗಿ ಮಗನ ಮನೆಗೆ ಬಂದೆ. ಎರಡು ವರ್ಷಕ್ಕೆ ನನ್ನವಳು ಹೋದಳು. ಆಮೇಲೆ ಹಗಲು ಕಳೆಯುವುದೇ ಕಷ್ಟವಾಯಿತು. ರಾತ್ರಿಯದು ಸಂಜೆಗೆ ಬಂತು, ಸಂಜೆಯದು ಮಧ್ಯಾಹ್ನಕ್ಕೆ. ಕೊನೆಗೆ ದಿನಕ್ಕೆ ಒಂದು ಕ್ವಾರ್ಟರ್, ಕೆಲವು ದಿನ ಇನ್ನೂ ಜಾಸ್ತಿ. ಎರಡು ಸಲ ಬಚ್ಚಲಲ್ಲಿ ಬಿದ್ದೆ. ತಲೆ ಸುತ್ತಿಗೆ ಬಿ.ಪಿ. ಮಾತ್ರೆ ಬದಲಾಯಿಸಿದರು, ನಿದ್ದೆಗೆ ಇನ್ನೊಂದು ಮಾತ್ರೆ ಕೊಟ್ಟರು. ಕುಡೀತೀರಾ ಅಂತ ಯಾರೂ ಕೇಳಲಿಲ್ಲ. ತಲೆ ನರೆತವನನ್ನು ಹಾಗೆ ಕೇಳಲು ಸಂಕೋಚ ಇರಬಹುದು. ನಾನೂ ಹೇಳಲಿಲ್ಲ.

ಶಿವರಾತ್ರಿಗೆ ಆಣೆ ಮಾಡಿ ಒಮ್ಮೆಲೇ ಬಿಟ್ಟೆ. ಮಾರನೇ ದಿನ ಸಂಜೆ ಫಿಟ್ಸ್ ಬಂತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಿಶ್ಶಕ್ತಿ ಅಂತ ಡ್ರಿಪ್ ಹಾಕಿ ಕಳಿಸಿದರು. ಮೂರನೇ ರಾತ್ರಿ ನಾನು ಅಂಗಳದಲ್ಲಿ ನಿಂತು ಮಸ್ಟರ್ ಕರೆದೆನಂತೆ. ಸತ್ತುಹೋದ ಆಳುಗಳ ಹೆಸರನ್ನೆಲ್ಲ ಕೂಗಿದೆನಂತೆ. ನನಗೆ ಒಂದೂ ನೆನಪಿಲ್ಲ, ಸೊಸೆ ಹೇಳಿದ್ದು. ಹೆದರಿದ ಮಗ ತಾನೇ ಹೋಗಿ ಒಂದು ಪ್ಯಾಕೆಟ್ ತಂದು ಕುಡಿಸಿದ. ಅಪ್ಪನಿಗೆ ಮಗ ಕೈಯಾರೆ ಕುಡಿಸಬೇಕಾಗಿ ಬಂತಲ್ಲ, ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆಮೇಲೆ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರು. 65 ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ನೆಂಟರೊಬ್ಬರು, ಇನ್ನೆಷ್ಟು ವರ್ಷ ಇರ್ತಾರೆ, ಕುಡೀಲಿ ಬಿಡಿ ಅಂದರು. ಆಶಾ ಕಾರ್ಯಕರ್ತೆ ಮಾತ್ರ ಸೊಸೆಯನ್ನು ಪಕ್ಕಕ್ಕೆ ಕರೆದು ಮಂಗಳವಾರ ಕರೆದುಕೊಂಡು ಬನ್ನಿ ಅಂದಳು. "ಮಾವ, ಒಂದ್ಸಲ ನಡೀರಿ, ನಾನೂ ಬರ್ತೀನಿ" ಅಂದಳು ಸೊಸೆ. ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೊಸೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. "ಯಜಮಾನ್ರೇ, ದಿನದ ಮೊದಲನೇದು ಎಷ್ಟು ಹೊತ್ತಿಗೆ?" ಅಂದರು. ಎಷ್ಟು ಕುಡೀತೀರಿ ಅಂತ ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ. ಹೊತ್ತು ಕೇಳಿದರು, ಬಾಯಿಗೆ ನಿಜ ಬಂತು. ಬೆಳಗ್ಗೆ ಆರಕ್ಕೆ ಅಂದೆ. ಅವರು ಮುಖ ಸಿಂಡರಿಸಲಿಲ್ಲ, ಬೈಯಲಿಲ್ಲ.

ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್., ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದರು. ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. 40ರಲ್ಲಿ ಕುಡಿದಷ್ಟೇ ಕುಡಿದರೂ 69ರಲ್ಲಿ ರಕ್ತದಲ್ಲಿ ಅದು ಜಾಸ್ತಿ ಏರುತ್ತದೆ. ಜೊತೆಗೆ ನಿದ್ದೆ ಮಾತ್ರೆ ಸೇರಿದರೆ ಬೀಳದೆ ಇನ್ನೇನಾಗುತ್ತದೆ? ನನಗೆ ಬಂದ ಫಿಟ್ಸ್, ಆ ರಾತ್ರಿಯ ಕೂಗಾಟ ಎರಡೂ ಒಮ್ಮೆಲೇ ಬಿಟ್ಟದ್ದರಿಂದ ಆದದ್ದು. ಅದರಿಂದ ಜೀವ ಹೋಗುವುದೂ ಇದೆಯಂತೆ. ಮನೆಯಲ್ಲೇ ಕುಡಿತ ಬಿಡುವುದು ಬೇಡ ಅಂತ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಎಂಟು ದಿನ ಇದ್ದೆ. ಮೊದಲು ವಿಟಮಿನ್ ಬಿ1 ಇಂಜೆಕ್ಷನ್, ನಡುಕಕ್ಕೆ ಮಾತ್ರೆ, ಅದನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸಿದರು. ಈ ಸಲ ಫಿಟ್ಸ್ ಬರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಗೊತ್ತಾಗದ ಹಾಗೆ ಕಾಫಿಯಲ್ಲಿ ಬೆರೆಸಿ ಕೊಡಿ ಅಂತ ಪಕ್ಕದ ಮನೆಯವರು ಸೊಸೆಗೆ ಕುಡಿತ ಬಿಡಿಸುವ ಒಂದು ಮಾತ್ರೆಯ ಹೆಸರು ಹೇಳಿದ್ದರು. ಅವಳು ಅದನ್ನು ಡಾಕ್ಟರಿಗೆ ತೋರಿಸಿದಳು. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ ಬರುತ್ತದೆ, ಬಿ.ಪಿ. ಕುಸಿಯುತ್ತದೆ, ಹೃದಯದ ತೊಂದರೆ ಇರುವ ವಯಸ್ಸಾದವರಿಗೆ ಪ್ರಾಣಕ್ಕೇ ಅಪಾಯ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಕೊರತೆಯೂ ಇದೆ. ರೂಮಿಗೆ ಬೋರ್ಡ್ ಇಲ್ಲ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗಿನ ಮಾತು ಬೆಂಚಿನವರಿಗೆ ಕೇಳುತ್ತದೆ. ಪರಿಚಯದವರು ಸಿಗುತ್ತಾರೆ ಅಂತ ನಾನು ಎರಡು ಸಲ ಗೇಟಿನಿಂದಲೇ ವಾಪಸ್ ಬಂದಿದ್ದೆ. ಮಂಗಳವಾರ ಹಬ್ಬದ ರಜೆ ಬಿದ್ದರೆ ಮತ್ತೊಂದು ವಾರ ಕಾಯಬೇಕು. ಒಂದು ತಿಂಗಳು ಮಾತ್ರೆ ಇರಲಿಲ್ಲ, ಹೊರಗೆ ಕೊಂಡೆವು. ಬಾಗಿಲಿಗೆ ಒಂದು ಚಿಲಕ ಹಾಕಿಸಿದರೆ ನನ್ನಂಥ ಎಷ್ಟೋ ಜನ ಒಳಗೆ ಬರುತ್ತಾರೆ.

ಡಾಕ್ಟರು ಇಲ್ಲದ ಆರು ದಿನಕ್ಕೆ 14416 ನಂಬರ್ ಕೊಟ್ಟಿದ್ದಾರೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆಷಾಢದ ಒಂದು ರಾತ್ರಿ ಮಳೆ ಜೋರಾಗಿ ಹೊಡೆಯುತ್ತಿತ್ತು, ಬಾಯಿ ಒಣಗಿ ಬೇಕೇ ಬೇಕು ಅನ್ನಿಸಿತು. ಎರಡು ಗಂಟೆಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗ ನನ್ನ ಹತ್ತಿರ ಕಾಫಿ ಗಿಡದ ಕಸಿ ಬಗ್ಗೆ ಅರ್ಧ ಗಂಟೆ ಮಾತಾಡಿಸಿದ. ಅಷ್ಟರಲ್ಲಿ ಆ ಹೊತ್ತು ದಾಟಿತು.

ಈಗ ಏಳು ತಿಂಗಳು. ಹೋಗುವವರು ಹಳೇ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ, ನಿದ್ದೆ ಮಾತ್ರೆ ಇದ್ದರೆ ಮರೆಯದೆ ತೋರಿಸಿ. ಜೊತೆಗೆ ಒಬ್ಬರು ಇರಲಿ. ಹತ್ತು ಗಂಟೆಯೊಳಗೆ ಚೀಟಿ ಮಾಡಿಸಿ. ರೂಮು ಗೊತ್ತಾಗದಿದ್ದರೆ ಚೀಟಿ ಕೊಡುವಲ್ಲಿ ಮಂಗಳವಾರದ ಡಾಕ್ಟರು ಅಂತ ಕೇಳಿ, ತೋರಿಸುತ್ತಾರೆ.