ಪಾಲಿಇಮೈಡ್ ಟೇಪ್: ಪೇಲೋಡ್ ಪರೀಕ್ಷೆಗೆ ಯಾವ ರೋಲ್ ಕೊಳ್ಳಬೇಕು?

ಗ್ರಹಯಾನದ ಪೇಲೋಡ್, ಅಂದರೆ ನೌಕೆ ಹೊತ್ತೊಯ್ಯುವ ಉಪಕರಣ, ಕಟ್ಟುವವರಿಗೆ ಶಾಖ ತಾಳುವ ಪ್ಲಾಸ್ಟಿಕ್ ಹಾಳೆಯ, ಜೇನುಬಣ್ಣದ ಈ ಟೇಪ್ ಇಲ್ಲದೆ ಒಂದು ದಿನವೂ ಕೆಲಸ ಸಾಗದು. ಅಂಗಡಿಯಲ್ಲಿ ಎಲ್ಲ ರೋಲ್‌ಗಳೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸವಿರುವುದು ಅಂಟಿನಲ್ಲಿ. ಸಿಲಿಕೋನ್ ಅಂಟಿನ ಟೇಪ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಸೋಲ್ಡರಿಂಗ್‌ಗೆ ಬಹಳ ಒಳ್ಳೆಯದು. ಆದರೆ ಕ್ಯಾಮೆರಾ, ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ) ಹತ್ತಿರ ಅದನ್ನು ತರಲೇಬೇಡಿ. ನಿರ್ವಾತದಲ್ಲಿ ಅದರಿಂದ ಹೊರಟ ಆವಿ ತಣ್ಣಗಿರುವ ಲೆನ್ಸಿನ ಮೇಲೆ ಕೂರುತ್ತದೆ, ನೇರಳಾತೀತ ಕಿರಣ ಬಿದ್ದರೆ ಕಪ್ಪಾಗಿ ಅಲ್ಲೇ ಗಟ್ಟಿಯಾಗುತ್ತದೆ. ಅಲ್ಲಿಗೆ ಅಕ್ರಿಲಿಕ್ ಅಂಟಿನದೇ ಸರಿ.

ಕೊಳ್ಳುವಾಗ ಎಎಸ್‌ಟಿಎಂ ಇ595 ಪರೀಕ್ಷೆಯ, ಅಂದರೆ ನಿರ್ವಾತದಲ್ಲಿ ಎಷ್ಟು ಆವಿ ಹೊರಡುತ್ತದೆಂದು ಅಳೆಯುವ ಪರೀಕ್ಷೆಯ, ವರದಿ ಕೇಳಿ. 125 ಡಿಗ್ರಿಯಲ್ಲಿ 24 ಗಂಟೆ ನಿರ್ವಾತದಲ್ಲಿಟ್ಟಾಗ ತೂಕನಷ್ಟ ಶೇ 1, ತಣ್ಣನೆಯ ತಟ್ಟೆಯ ಮೇಲೆ ಕೂರುವ ಅಂಶ ಶೇ 0.1 ಮೀರಬಾರದು. ಬ್ಯಾಚ್ ಸಂಖ್ಯೆಯಿಲ್ಲದ ರೋಲ್ ಎಷ್ಟೇ ಅಗ್ಗವಾದರೂ ಬೇಡ.

ಥರ್ಮೋವ್ಯಾಕ್ ಪರೀಕ್ಷೆಗೆ (ನಿರ್ವಾತದಲ್ಲಿಟ್ಟು ಕಾಯಿಸಿ, ತಣಿಸಿ ನೋಡುವುದು) ಥರ್ಮೋಕಪಲ್, ಅಂದರೆ ತಾಪ ಅಳೆಯುವ ತಂತಿ, ಅಂಟಿಸುವಾಗ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಜಾಗ ಒರೆಸಿ. ಒಂದು ಪದರ ಟೇಪ್, ಅದರ ಮೇಲೆ ಥರ್ಮೋಕಪಲ್‌ನ ತುದಿ, ಮತ್ತೊಂದು ಪದರ. ತುದಿಯ ಹಿಂದಿನ ಎರಡು ಮೂರು ಸೆಂಟಿಮೀಟರ್ ತಂತಿಯನ್ನೂ ಅದೇ ಮೇಲ್ಮೈಗೆ ಒತ್ತಿ ಅಂಟಿಸಿ. ಇಲ್ಲದಿದ್ದರೆ ತಂತಿಯಗುಂಟ ಶಾಖ ಹರಿದು ಅಳತೆ ಸುಳ್ಳಾಗುತ್ತದೆ. ಅಡಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಉಳಿದರೆ, ಗಾಳಿ ಹೀರುವ ಪಂಪ್ ಶುರುವಾದೊಡನೆ ಗುಳ್ಳೆ ಉಬ್ಬಿ ಟೇಪ್ ಎದ್ದುಬಿಡುತ್ತದೆ.

ಈ ಟೇಪಿನ ದೊಡ್ಡ ದೋಷ ಸ್ಥಾಯೀ ವಿದ್ಯುತ್. ಸರ್ರನೆ ಎಳೆದರೆ ಸಾವಿರಾರು ವೋಲ್ಟ್ ಹುಟ್ಟುತ್ತದೆ, ಡಿಟೆಕ್ಟರ್ ಸುಡಲು ಅಷ್ಟು ಸಾಕು. ಸ್ಥಾಯೀ ವಿದ್ಯುತ್ ಅಳಿಸುವ ಅಯಾನೈಸರ್ ಯಂತ್ರದ ಗಾಳಿಯಲ್ಲಿ, ನಿಧಾನವಾಗಿ ಬಿಚ್ಚಿ.