ಜನರಲ್‌ಗಳ ಕಿವಿ ಹಿಂಡಿದ ಕಾರ್ಟೂನುಗಳು, ಅದೂ ಬಿಟ್ಟಿಯಾಗಿ: ಲೈಬ್ರರಿ ಆಫ್ ಕಾಂಗ್ರೆಸ್‌ನ ಚಿತ್ರಭಂಡಾರ

ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಜಾಹೀರಾತಿನ ಕಾಟವೂ ಇಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹತ್ತಿರ ಇರುವ ಹಳೆಯ ಮುದ್ರಿತ ಚಿತ್ರ, ಫೋಟೊ, ಕಾರ್ಟೂನುಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅದರೊಳಗೆ ನಾನು ಹುಡುಕಿದ್ದು ಒಂದೇ ವಿಷಯ. ಯುದ್ಧ ನಡೆಯುತ್ತಿರುವಾಗಲೇ ಅಧ್ಯಕ್ಷನಿಗೂ ಜನರಲ್‌ಗೂ ಜಟಾಪಟಿ ಬಿದ್ದರೆ ಕಾರ್ಟೂನಿಸ್ಟರು ಏನು ಬರೆಯುತ್ತಾರೆ? ಅಮೆರಿಕದಲ್ಲಿ ಇದಕ್ಕೆ ಹೆಸರಾದ ಜೋಡಿ ಎರಡು: ಲಿಂಕನ್–ಮೆಕ್ಲೆಲನ್, ಟ್ರೂಮನ್–ಮೆಕಾರ್ಥರ್. ಮೊದಲನೆಯದಕ್ಕೆ ಈ ಭಂಡಾರ ಹಬ್ಬದೂಟ. ಎರಡನೆಯದಕ್ಕೆ ಅರ್ಧ ಹೊಟ್ಟೆ.

ಮೆಕ್ಲೆಲನ್ ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಅಂತರ್ಯುದ್ಧದಲ್ಲಿ ಉತ್ತರದ ದೊಡ್ಡ ಸೇನೆಯನ್ನು ಕಟ್ಟಿ ನಿಲ್ಲಿಸಿದವನು ಇವನೇ, ಸೈನಿಕರಿಗೆ ಇವನನ್ನು ಕಂಡರೆ ಪ್ರಾಣ, ಆದರೆ ಮುಂದೆ ನುಗ್ಗು ಅಂದರೆ ಮಾತ್ರ ಏನಾದರೂ ಒಂದು ನೆಪ. 1862ರ ಸೆಪ್ಟೆಂಬರ್‌ನಲ್ಲಿ ಆಂಟಿಟಮ್ ಕಾಳಗ ಆಯಿತು. ಆಮೇಲೆ ವಾರಗಟ್ಟಲೆ ಕೂತೇ ಇದ್ದ. ಕುದುರೆಗಳು ಸುಸ್ತಾಗಿವೆ ಅಂತ ತಂತಿ ಕಳಿಸಿದ. ಆಂಟಿಟಮ್ ಆದಮೇಲೆ ನಿಮ್ಮ ಕುದುರೆಗಳು ಸುಸ್ತಾಗುವಂಥ ಕೆಲಸ ಏನು ಮಾಡಿವೆ ಸ್ವಾಮಿ ಅಂತ ಲಿಂಕನ್ ತಿರುಗಿ ಕೇಳಿದ. ನವೆಂಬರ್‌ನಲ್ಲಿ ಅವನನ್ನು ಕೆಲಸದಿಂದ ಇಳಿಸಿದ. 1864ರಲ್ಲಿ ಅದೇ ಮೆಕ್ಲೆಲನ್ ಲಿಂಕನ್ ವಿರುದ್ಧ ಅಧ್ಯಕ್ಷ ಚುನಾವಣೆಗೇ ನಿಂತುಬಿಟ್ಟ. ಯುದ್ಧ ಇನ್ನೂ ಮುಗಿದಿರಲಿಲ್ಲ. ಕಾರ್ಟೂನಿಸ್ಟರಿಗೆ ಇನ್ನೇನು ಬೇಕು?

ಮೊದಲು 'ದಿ ಗನ್‌ಬೋಟ್ ಕ್ಯಾಂಡಿಡೇಟ್' ತೆರೆಯಿರಿ. ದಡದಲ್ಲಿ ಮಾಲ್ವರ್ನ್ ಹಿಲ್ ಕಾಳಗ (ಆಂಟಿಟಮ್‌ಗೂ ಮೊದಲಿನದು, 1862ರ ಜುಲೈ) ನಡೆಯುತ್ತಿದೆ. ನಮ್ಮ ಜನರಲ್ ಸಾಹೇಬರು ನದಿಯಲ್ಲಿ, ಗಲೀನಾ ಅನ್ನೋ ಯುದ್ಧನೌಕೆಯಿಂದ ಚಾಚಿರುವ ಮರದ ಮೇಲೆ ಕುದುರೆಯ ಜೀನು ಹಾಕಿಕೊಂಡು ಆರಾಮಾಗಿ ಕೂತು, ದುರ್ಬೀನಿನಲ್ಲಿ ನೋಡುತ್ತಾ, ಹೋರಾಡಿ ವೀರರೇ, ನಿಮ್ಮ ಪ್ರೀತಿಯ ಜನರಲ್ ಇಲ್ಲಿಂದ ನೋಡ್ತಿದ್ದಾನೆ ಅಂತ ಹುರಿದುಂಬಿಸುತ್ತಿದ್ದಾರೆ. ನಗು ತಡೆಯೋಕೆ ಆಗಲ್ಲ. ಆ ಜೀನನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಅಮೆರಿಕದ ಸೇನೆ 1859ರಲ್ಲಿ ಒಪ್ಪಿಕೊಂಡ ಜೀನಿಗೆ ಮೆಕ್ಲೆಲನ್ ಜೀನು ಅಂತಲೇ ಹೆಸರು, ಅದನ್ನು ರೂಪಿಸಿದವನೇ ಇವನು. ಕುದುರೆಗೆ ಹಾಕಬೇಕಾದ್ದನ್ನು ಹಡಗಿಗೆ ಹಾಕಿದ್ದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ. ಆ ದಿನಗಳಲ್ಲಿ ಅವನು ಗಲೀನಾ ಹತ್ತಿದ್ದೂ ನಿಜ. ಜೀನು ಹಾಕಿದ್ದು ಮಾತ್ರ ಕಾರ್ಟೂನಿಸ್ಟನ ಕೈಚಳಕ.

ಆಮೇಲೆ 'ದಿ ಟ್ರೂ ಇಶ್ಯೂ' ನೋಡಿ. ಒಂದು ಕಡೆ ಲಿಂಕನ್, ಇನ್ನೊಂದು ಕಡೆ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್. ಇಬ್ಬರೂ ಅಮೆರಿಕದ ಭೂಪಟ ಹಿಡಿದು ಎಳೆದಾಡಿ ಹರಿಯುತ್ತಿದ್ದಾರೆ. ನಡುವೆ ಮೆಕ್ಲೆಲನ್, ಇಬ್ಬರ ಕೋಟೂ ಹಿಡಿದು, ಏನೇ ಆದರೂ ಒಕ್ಕೂಟ ಉಳಿಯಲೇಬೇಕು ಅಂತ ಬುದ್ಧಿ ಹೇಳುತ್ತಿದ್ದಾನೆ. ಇಲ್ಲಿ ಹುಚ್ಚರು ರಾಜಕಾರಣಿಗಳು, ಜಾಣ ಅಂದರೆ ಜನರಲ್. ಮಜಾ ಏನು ಗೊತ್ತಾ? ಎರಡೂ ಚಿತ್ರ ಅಚ್ಚು ಹಾಕಿ ಮಾರಿದ್ದು ನ್ಯೂಯಾರ್ಕಿನ ಒಂದೇ ಅಂಗಡಿ, ಕರಿಯರ್ ಅಂಡ್ ಐವ್ಸ್. ಅದೂ ಅದೇ ಚುನಾವಣೆಯ ವರ್ಷ, 1864ರಲ್ಲಿ. ಅವರಿಗೆ ಯಾವ ಪಕ್ಷವೂ ಇರಲಿಲ್ಲ, ಗಿರಾಕಿ ಇದ್ದರು ಅಷ್ಟೇ. ಹಳೆಯ ಕಾರ್ಟೂನು ಕಂಡ ಕೂಡಲೇ 'ಆಗಿನ ಜನ ಹೀಗೆ ಯೋಚಿಸುತ್ತಿದ್ದರು' ಅನ್ನುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಸೌಲಭ್ಯದ ವಿಷಯಕ್ಕೆ ಬಂದರೆ, ಈ ಹಳೆಯ ಚಿತ್ರಗಳ ದೊಡ್ಡ ಟಿಫ್ ಫೈಲನ್ನೇ ಇಳಿಸಿಕೊಳ್ಳಬಹುದು, ಹಕ್ಕಿನ ತಕರಾರೂ ಇಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಚಿತ್ರದ ಜೊತೆಗಿರುವ ವಿವರಣೆ. ಆ ಕಾಲದ ಕಾರ್ಟೂನುಗಳಲ್ಲಿ ಒಬ್ಬೊಬ್ಬರ ಬಾಯಿಂದಲೂ ಉದ್ದುದ್ದ ಮಾತು ಗುಳ್ಳೆ ಗುಳ್ಳೆಯಾಗಿ ಹೊರಡುತ್ತದೆ, ಅಕ್ಷರ ಓದಿ ಓದಿ ಕಣ್ಣು ನೋಯುತ್ತದೆ. ಅದನ್ನೆಲ್ಲ ಪಠ್ಯವಾಗಿ ಬಿಡಿಸಿ, ಯಾರು ಯಾರು, ಸಂದರ್ಭ ಏನು ಅಂತ ಬರೆದಿಟ್ಟಿದ್ದಾರೆ. ಅಮೆರಿಕದ ಇತಿಹಾಸ ಓದದವರಿಗೂ ಜೋಕು ಅರ್ಥವಾಗುತ್ತದೆ.

ಈಗ ಅರ್ಧ ಹೊಟ್ಟೆಯ ಭಾಗ. ಕೊರಿಯಾ ಯುದ್ಧದಲ್ಲಿ ಮೆಕಾರ್ಥರ್ ಚೀನಾದವರೆಗೂ ಯುದ್ಧ ಹಬ್ಬಿಸಬೇಕು ಅನ್ನುವವನು. ಅದು ಬೇಡ ಅಂತ ಟ್ರೂಮನ್. ಅಧ್ಯಕ್ಷನ ನೀತಿಯನ್ನು ಹಳಿದು ಜನರಲ್ ಬರೆದ ಕಾಗದವನ್ನು 1951ರ ಏಪ್ರಿಲ್ 5ರಂದು ವಿರೋಧ ಪಕ್ಷದ ನಾಯಕ ಸಂಸತ್ತಿನಲ್ಲೇ ಓದಿದ. 11ಕ್ಕೆ ಮೆಕಾರ್ಥರ್ ಮನೆಗೆ. ಊರೂರಲ್ಲಿ ಟ್ರೂಮನ್ ಪ್ರತಿಕೃತಿ ಸುಟ್ಟರು, ಜನರಲ್‌ಗೆ ನ್ಯೂಯಾರ್ಕ್‌ನಲ್ಲಿ ಭರ್ಜರಿ ಮೆರವಣಿಗೆ ಆಯಿತು. ಆ ಗದ್ದಲದ ನಡುವೆ ವಾಷಿಂಗ್ಟನ್ ಪೋಸ್ಟಿನ ಹರ್ಬ್ಲಾಕ್ ಬರೆದ ಕಾರ್ಟೂನು ನನಗೆ ಎಲ್ಲಕ್ಕಿಂತ ಇಷ್ಟ. ಮೆಕಾರ್ಥರ್ ಹತ್ತಿರ ಇರುವ ಭೂಗೋಳ ಡಬ್ಬಿಯ ಹಾಗೆ ಚೌಕ. ರಕ್ಷಣಾ ಕಾರ್ಯದರ್ಶಿ ಮಾರ್ಷಲ್ ಬಳಿ ಮಾಮೂಲಿ ಭೂಗೋಳ. ನಾವು ಸ್ವಲ್ಪ ಗುಂಡಗಿರೋದನ್ನು ಬಳಸ್ತಿದ್ದೀವಿ ಅನ್ನುವ ಒಂದು ಸಾಲು, ಅಷ್ಟೇ. ಸಂವಿಧಾನ, ಅಧಿಕಾರ ಅಂತ ಭಾಷಣ ಇಲ್ಲ. ಒಂದೇ ಮುಖ ನೋಡುವವನ ಕೈಗೆ ಇಡೀ ಪ್ರಪಂಚ ಕೊಡಬಾರದು ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ ಅಲ್ವಾ? ಮಾರ್ಷಲ್ ಕೂಡ ಜನರಲ್ಲೇ. ಸೇನೆಯಲ್ಲಿ ಇದ್ದವನನ್ನು ಅಷ್ಟು ಬೇಗ ಆ ಹುದ್ದೆಗೆ ಕೂರಿಸುವುದಕ್ಕೆ ಕಾನೂನಿನ ಅಡ್ಡಿ ಇತ್ತು, 1950ರಲ್ಲಿ ಸಂಸತ್ತು ವಿಶೇಷ ವಿನಾಯಿತಿ ಕೊಡಬೇಕಾಯಿತು. ಅಂಥವನ ಕೈಯಲ್ಲೇ ಪಾಠ ಹೇಳಿಸಿದ್ದು ಹರ್ಬ್ಲಾಕ್ ಜಾಣತನ.

ಹರ್ಬ್ಲಾಕ್‌ನ 14,000ಕ್ಕೂ ಜಾಸ್ತಿ ಮೂಲಚಿತ್ರಗಳು ಈ ಲೈಬ್ರರಿಯಲ್ಲಿವೆ. ಆದರೆ ಹಕ್ಕುಸ್ವಾಮ್ಯ ಇರುವ ಚಿತ್ರಗಳನ್ನು ಕ್ಯಾಟಲಾಗಿನಲ್ಲಿ ಹೊರಗಿನವರಿಗೆ ಅಂಚೆಚೀಟಿ ಗಾತ್ರದಲ್ಲಿ ತೋರಿಸುವುದು ಅವರ ನಿಯಮ. ದೊಡ್ಡದು ಬೇಕಾದರೆ ವಾಷಿಂಗ್ಟನ್‌ನ ಕಟ್ಟಡಕ್ಕೇ ಹೋಗಬೇಕು. ಕಾನೂನು ಸರಿ, ಹೊಟ್ಟೆ ಉರಿಯೋದೂ ಸರಿ. ಇನ್ನೊಂದು ಕೊರತೆ: ಟ್ರೂಮನ್‌ಗೆ ಬೈದವರ ಕೈಚಳಕ ನೋಡೋಣ ಅಂದರೆ ಹರ್ಬ್ಲಾಕ್‌ನಷ್ಟು ಸುಲಭವಾಗಿ ಎದುರಿಗೆ ಸಿಗಲ್ಲ. ಅಂದಿನ ಬೀದಿಯ ಸಿಟ್ಟು ಇಲ್ಲಿ ಮೆತ್ತಗಾಗಿ ಕೇಳಿಸುತ್ತದೆ.

ಹಾಗಂತ ಬೈಯೋ ಮನಸ್ಸೂ ಬರಲ್ಲ. ಕೊಡಗಿನ ನಮ್ಮ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಏಗಲಾರದೆ ರಾಜೀನಾಮೆ ಕೊಟ್ಟು, ನೆಹರು ಹೇಳಿದ ಮೇಲೆ ವಾಪಸ್ ತೆಗೆದುಕೊಂಡರಲ್ಲ, ಆ ವಾರದ ನಮ್ಮ ಪತ್ರಿಕೆಗಳ ಕಾರ್ಟೂನುಗಳನ್ನು ಹೀಗೆ ಮನೆಯಲ್ಲಿ ಕೂತು ಒಂದೇ ಕಡೆ ನೋಡೋ ಹಾಗಿದ್ದರೆ!

5ಕ್ಕೆ 4 ಕೊಡ್ತೀನಿ. ಹುಡುಕುವಾಗ ಸೇನೆ, ಸರ್ಕಾರ ಅಂತ ದೊಡ್ಡ ವಿಷಯ ಹಾಕಬೇಡಿ, ಜನರಲ್ ಹೆಸರು ಮತ್ತು ವರ್ಷ ಹಾಕಿ. ಹರ್ಬ್ಲಾಕ್ ಬೇಕಿದ್ದರೆ ಕ್ಯಾಟಲಾಗ್ ಬಿಟ್ಟು ಲೈಬ್ರರಿಯವರ ಆನ್‌ಲೈನ್ ಪ್ರದರ್ಶನಕ್ಕೆ ಹೋಗಿ, ಚೌಕ ಭೂಗೋಳ ಅಲ್ಲಿ ನೋಡುವಷ್ಟು ದೊಡ್ಡದಾಗಿದೆ. 1864ರವನ್ನು ಮಾತ್ರ ಮೊಬೈಲಿನಲ್ಲಿ ನೋಡಬೇಡಿ, ಜೀನು ಕಾಣಲ್ಲ.